ಆಟಗಾರನೇ ಇನ್ನೊಬ್ಬ ಆಟಗಾರನನ್ನು ತನ್ನ ತಂಡಕ್ಕೆ ಕರೆದರೆ ದಂಡ ಬೀಳುತ್ತಾ?

ಆಗ ಲೇಕರ್ಸ್‌ನಲ್ಲಿದ್ದ ಲೆಬ್ರಾನ್ ಜೇಮ್ಸ್, ಬೇರೆ ತಂಡದ ಆಂಥನಿ ಡೇವಿಸ್ ಹೆಸರನ್ನು ಬಹಿರಂಗವಾಗಿ ಹೇಳಿದಾಗ ಏನೂ ಆಗಲಿಲ್ಲ, ಡ್ರೇಮಂಡ್ ಗ್ರೀನ್‌ಗೆ ಮಾತ್ರ ದಂಡ ಯಾಕೆ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಟ್ಯಾಂಪರಿಂಗ್ (ಬೇರೆ ತಂಡದ ಆಟಗಾರನನ್ನು ಸೆಳೆಯೋದು) ಮಾಡಬಾರದು ಅನ್ನೋ ನಿಯಮ ಆಟಗಾರರಿಗೂ ಇದೆಯಾ ಅಂತ ಕೇಳಿದ್ದೀರಿ.

ಇದೆ. ಮಾಲೀಕರಿಗೆ, ಮ್ಯಾನೇಜರ್‌ಗಳಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಲೀಗಿನ ಸಂವಿಧಾನದಲ್ಲಿ ಆಟಗಾರರಿಗೆ ಅಂತಲೇ ಒಂದು ಕಲಂ ಇದೆ. ಬೇರೆ ತಂಡದ ಕಾಂಟ್ರಾಕ್ಟ್‌ನಲ್ಲಿ ಇರುವವನನ್ನು ನೇರವಾಗಿಯೂ ಸೆಳೆಯುವಂತಿಲ್ಲ, ಸುತ್ತಿಬಳಸಿಯೂ ಸೆಳೆಯುವಂತಿಲ್ಲ. ಸೆಳೆದರೆ ಕಮಿಷನರ್ ದಂಡ ಹಾಕಬಹುದು, ಅಮಾನತು ಮಾಡಬಹುದು, ಬೇಕಾದರೆ ಎರಡೂ.

ಹಾಗಾಗಿ ಮೊದಲು ನೋಡಬೇಕಾದ್ದು ಕಾಂಟ್ರಾಕ್ಟ್. ಅದು ಮುಗಿದು ಫ್ರೀ ಏಜೆಂಟ್ ಆದವನನ್ನು ಯಾರು ಬೇಕಾದರೂ ಕರೆಯಬಹುದು. 2016ರ ಜುಲೈನಲ್ಲಿ ಗೋಲ್ಡನ್ ಸ್ಟೇಟ್ ತಂಡದ ಕರ್ರಿ, ಥಾಂಪ್ಸನ್, ಗ್ರೀನ್, ಇಗ್ವಾಡಾಲಾ ನಾಲ್ವರೂ ಫ್ರೀ ಏಜೆಂಟ್ ಆಗಿದ್ದ ಕೆವಿನ್ ಡ್ಯುರಾಂಟ್ ಹತ್ತಿರ ಹೋಗಿ ಕೂತು ಮಾತಾಡಿದರು. ಅದರಲ್ಲಿ ತಪ್ಪೇನಿಲ್ಲ. ಆದರೆ ಜೂನ್ 19ರ ರಾತ್ರಿ ಫೈನಲ್‌ನ ಏಳನೇ ಪಂದ್ಯ ಸೋತ ಮೇಲೆ, ಪಾರ್ಕಿಂಗ್ ಜಾಗದಿಂದಲೇ ಗ್ರೀನ್ ಡ್ಯುರಾಂಟ್‌ಗೆ ಫೋನ್ ಹಚ್ಚಿದ್ದರು. ಆಮೇಲೆ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಆಗಿನ್ನೂ ಡ್ಯುರಾಂಟ್ ಒಕ್ಲಹೋಮ ಸಿಟಿ ಆಟಗಾರ. ಕಲಂ ಓದಿದರೆ ಇದು ಟ್ಯಾಂಪರಿಂಗೇ. ಆದರೂ ದಂಡ ಬೀಳಲಿಲ್ಲ.

ಅದೇ ಗ್ರೀನ್ 2020ರ ಆಗಸ್ಟ್‌ನಲ್ಲಿ ಟಿಎನ್‌ಟಿ ಚಾನೆಲ್‌ನಲ್ಲಿ ಕೂತು, ಡೆವಿನ್ ಬುಕರ್‌ನನ್ನು ಫೀನಿಕ್ಸ್‌ನಿಂದ ಹೊರಗೆ ತನ್ನಿ, ಅಲ್ಲಿದ್ದರೆ ಅವನಿಗೆ ಒಳ್ಳೇದಲ್ಲ ಅಂದುಬಿಟ್ಟರು. ಇದು ಟ್ಯಾಂಪರಿಂಗ್ ಅಲ್ವಾ ಅಂತ ಅಲ್ಲೇ ಕೇಳಿದರೆ, ಇರಬಹುದು ಅಂದರು! ಬಿತ್ತು 50,000 ಡಾಲರ್ ದಂಡ. ಆ ಸೀಸನ್‌ನಲ್ಲಿ ಅವರ ಸಂಬಳ ಸುಮಾರು 1 ಕೋಟಿ 85 ಲಕ್ಷ ಡಾಲರ್. 82 ಪಂದ್ಯಕ್ಕೆ ಹಂಚಿದರೆ, ದಂಡ ಒಂದು ಪಂದ್ಯದ ಸಂಬಳದ ಕಾಲು ಭಾಗವೂ ಆಗಲ್ಲ. ಇಂಥ ದಂಡಕ್ಕೆ ಯಾರು ಹೆದರ್ತಾರೆ ಹೇಳಿ.

ಇನ್ನು ಲೆಬ್ರಾನ್ ವಿಷಯ. 2018ರ ಡಿಸೆಂಬರ್‌ನಲ್ಲಿ ಅವರು ಹೇಳಿದ್ದು ಇಷ್ಟೇ, ಡೇವಿಸ್ ಲೇಕರ್ಸ್‌ಗೆ ಬಂದರೆ ಅದ್ಭುತವಾಗಿರುತ್ತೆ ಅಂತ. ಇದರ ಹಿಂದೆ ತಂಡದ ಕೈವಾಡ ಇದೆ ಅನ್ನೋದಕ್ಕೆ ಸಾಕ್ಷಿ ಇಲ್ಲದಿದ್ದರೆ, ಇಂಥ ಮಾತು ಸಾಮಾನ್ಯವಾಗಿ ಟ್ಯಾಂಪರಿಂಗ್ ಅಲ್ಲ ಅಂತ ಲೀಗ್ ಹೇಳಿತು. ಬಂದರೆ ಖುಷಿ ಅನ್ನೋದು ಆಸೆ. ಅಲ್ಲಿಂದ ಎದ್ದು ಬರಲಿ ಅನ್ನೋದು ಬೇರೆ. ನನಗೇನೋ ಈ ಗೆರೆ ತೀರಾ ತೆಳು ಅನಿಸುತ್ತೆ. ಮುಂದಿನ ತಿಂಗಳು ಡೇವಿಸ್‌ಗೂ 50,000 ಡಾಲರ್ ದಂಡ ಬಿತ್ತಲ್ಲ, ಅದನ್ನು ಇದಕ್ಕೆ ಗಂಟು ಹಾಕಬೇಡಿ. ಡೇವಿಸ್ ಏಜೆಂಟ್ ಬಹಿರಂಗವಾಗಿ ಟ್ರೇಡ್ (ಬೇರೆ ತಂಡಕ್ಕೆ ಕಳಿಸಿ ಅಂತ) ಕೇಳಿದ್ದಕ್ಕೆ ಹಾಕಿದ್ದು ಅದು, ನಿಯಮವೇ ಬೇರೆ.

ತಂಡದವರು ಬಾಯಿಬಿಟ್ಟರೆ ಮಾತ್ರ ಲೀಗ್ ಬಿಡೋದೇ ಇಲ್ಲ. ಲೇಕರ್ಸ್ ಆಡಳಿತದಲ್ಲಿದ್ದ ಮ್ಯಾಜಿಕ್ ಜಾನ್ಸನ್ 2018ರಲ್ಲಿ ಆಗ ಮಿಲ್ವಾಕಿ ತಂಡದಲ್ಲಿದ್ದ ಯಾನಿಸ್‌ನನ್ನು ಸುಮ್ನೆ ಹೊಗಳಿದ್ದಕ್ಕೇ 50,000 ಡಾಲರ್ ಕಟ್ಟಬೇಕಾಯಿತು. 2014ರಲ್ಲಿ ಹಾಡುಗಾರ ಡ್ರೇಕ್ ತನ್ನ ಕಾರ್ಯಕ್ರಮದಲ್ಲಿ ಡ್ಯುರಾಂಟ್‌ನನ್ನು ಟೊರಾಂಟೊಗೆ ಕರೆದ. ಅವನು ಅಲ್ಲಿನ ರಾಪ್ಟರ್ಸ್ ತಂಡದ ರಾಯಭಾರಿ ಅನ್ನೋ ಕಾರಣಕ್ಕೆ ತಂಡಕ್ಕೆ 25,000 ಡಾಲರ್ ದಂಡ.

ನಿಯಮ ಬಿಗಿಯಾಗಿದ್ದು 2019ರಲ್ಲಿ. ಆ ಜುಲೈನಲ್ಲಿ ಕವಾಯ್ ಲೆನಾರ್ಡ್, ಕ್ಲಿಪ್ಪರ್ಸ್ ತಂಡ ಸೇರುವ ಮುಂಚೆ ಒಕ್ಲಹೋಮ ಸಿಟಿಯ ಪಾಲ್ ಜಾರ್ಜ್‌ಗೆ ಟ್ರೇಡ್ ಕೇಳು ಅಂತ ಹುರಿದುಂಬಿಸಿದ. ಜಾರ್ಜ್ ಕಾಂಟ್ರಾಕ್ಟ್ ಇನ್ನೂ ಬಾಕಿ ಇತ್ತು. ಸಣ್ಣ ತಂಡಗಳ ಮಾಲೀಕರು ಕೆಂಡಾಮಂಡಲ. ಸೆಪ್ಟೆಂಬರ್‌ನಲ್ಲಿ ತಂಡಗಳ ದಂಡದ ಮಿತಿ 1 ಕೋಟಿ ಡಾಲರ್‌ಗೆ ಏರಿತು. ಟ್ರೇಡ್ ಕೇಳು ಅಂತ ಒಬ್ಬ ಆಟಗಾರ ಇನ್ನೊಬ್ಬನಿಗೆ ಹೇಳುವಂತಿಲ್ಲ ಅಂತಲೂ ಸ್ಪಷ್ಟವಾಯಿತು.

ಕೆಲವರು 2010ರ ಐಪಿಎಲ್‌ನಲ್ಲಿ ಜಡೇಜಾಗೆ ಬಿದ್ದ ನಿಷೇಧದ ಜೊತೆ ಇದನ್ನು ಹೋಲಿಸ್ತಾರೆ. ಅಲ್ಲಿ ಆತ ಯಾರನ್ನೂ ಕರೆದಿರಲಿಲ್ಲ, ತಾನೇ ಬೇರೆ ತಂಡದ ಜೊತೆ ಮಾತಿಗಿಳಿದಿದ್ದ.

ಮುಂದಿನ ಸಲ ಇಬ್ಬರು ಸ್ಟಾರ್‌ಗಳು ಒಟ್ಟಿಗೆ ಊಟ ಮಾಡೋ ಫೋಟೋ ಬಂದರೆ ದಂಡ ಗ್ಯಾರಂಟಿ ಅಂತ ಬರೆಯಬೇಡಿ. ಫೋನ್, ಊಟ, ಆಲ್‌ಸ್ಟಾರ್ ವಾರದ ಹರಟೆಯನ್ನು ಹಿಡಿಯೋದು ಕಷ್ಟ. ಅದೇ ಟೇಬಲ್‌ನಲ್ಲಿ ತಂಡದ ಮ್ಯಾನೇಜರ್ ಕೂಡ ಕೂತಿದ್ದರೆ ಆಗ ಇಲ್ಲಿ ಹಾಕಿ, ಮಾತಾಡೋಣ.