ಕೆಂಪು ನೆಲದ ಹಜಾರಕ್ಕೆ ಯಾವ ಬೂದು ಒಪ್ಪುತ್ತದೆ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಜಾರಕ್ಕೆ ಹೊಸದಾಗಿ ಬಣ್ಣ ಹೊಡೆಸಬೇಕಾಗಿದೆ. ನೆಲ ರೆಡ್ ಆಕ್ಸೈಡಿನದು, ಕಿಟಕಿಗಳು ಉತ್ತರಕ್ಕಿವೆ, ಈಗಿನ ಗೋಡೆ ತಿಳಿಹಸಿರು. ಎರಡು ಮಾಸಲು ಬೂದುಗಳನ್ನು ಆರಿಸಿದ್ದೇವೆ. ಒಂದರಲ್ಲಿ ಮಣ್ಣಿನ ಛಾಯೆ, ಇನ್ನೊಂದರಲ್ಲಿ ಹಸಿರಿನ ಛಾಯೆ ಇದೆ ಎಂದು ಅಂಗಡಿಯವರು ಹೇಳುತ್ತಾರೆ. ಶೇಡ್ ಕಾರ್ಡಿನಲ್ಲಿ ನಮಗೆ ಎರಡೂ ಒಂದೇ ಎನ್ನಿಸುತ್ತವೆ. ಯಾವುದು ಸೂಕ್ತ?

ಉತ್ತರ: ಹಸಿರು ಛಾಯೆಯ ಬೂದೇ ನಿಮ್ಮ ಹಜಾರಕ್ಕೆ ಸರಿ ಎಂಬುದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಮುಖ್ಯ ಕಾರಣ ನಿಮ್ಮ ನೆಲ. ಕಿಟಕಿಯಿಂದ ಬಂದ ಬೆಳಕು ನುಣುಪಾದ ಕೆಂಪು ನೆಲದ ಮೇಲೆ ಬಿದ್ದು, ಅದರ ಕೆಂಪನ್ನು ಹೊತ್ತು ಗೋಡೆಯ ಕೆಳಭಾಗಕ್ಕೆ ಚಿಮ್ಮುತ್ತದೆ. ಮಣ್ಣಿನ ಛಾಯೆಯ ಬೂದಿನಲ್ಲಿ ಮೊದಲೇ ಒಂದಿಷ್ಟು ಕೆಂಪಿರುವುದರಿಂದ ಅಂಥ ಗೋಡೆ ಸೊಂಟದೆತ್ತರದವರೆಗೆ ಗುಲಾಬಿಗೆ ತಿರುಗಿದಂತೆ ಕಾಣುತ್ತದೆ. ಹಸಿರು ಛಾಯೆಯದಾದರೋ ಆ ಕೆಂಪಿನೊಡನೆ ಸಮವಾಗಿ, ಶುದ್ಧ ಬೂದಿಗೆ ಹತ್ತಿರವಾಗುತ್ತದೆ. ಉತ್ತರದ ಕಿಟಕಿಯ ಕೋಣೆಗೆ ಬೆಚ್ಚನೆಯ ಬಣ್ಣವೇ ಬೇಕೆಂದು ಹಲವರು ಹೇಳುವುದುಂಟು. ನೇರ ಬಿಸಿಲಿಲ್ಲದ ಆಕಾಶದ ಬೆಳಕಿನಲ್ಲಿ ನೀಲಿ ಹೆಚ್ಚಿರುವುದರಿಂದ ಆ ಮಾತಿಗೆ ಆಧಾರವಿದೆ. ಆದರೆ ನಮ್ಮ ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಉಳಿದ ತಿಂಗಳುಗಳಲ್ಲಿ ಬೇಕಾದ ಬೆಚ್ಚನೆಯ ಕಳೆಯನ್ನು ನಿಮ್ಮ ನೆಲವೇ ಕೊಡುತ್ತದೆ.

ಹಾಗೆಂದು ನನ್ನ ಮಾತೊಂದನ್ನೇ ನಂಬಿ ಡಬ್ಬ ತರಿಸಬೇಡಿ. ಎರಡೂ ಚೀಟಿಗಳನ್ನು ಅಚ್ಚ ಬಿಳಿ ಹಾಳೆಯ ಮೇಲೆ ಅಕ್ಕಪಕ್ಕ ಇಟ್ಟರೆ ಛಾಯೆಗಳ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಅನಂತರ ಮಾದರಿ ಬಣ್ಣ ತಂದು, ದಪ್ಪ ಡ್ರಾಯಿಂಗ್ ಹಾಳೆಗಳಿಗೆ ಸುತ್ತ ಬಿಳಿ ಅಂಚು ಬಿಟ್ಟು ಎರಡು ಕೋಟ್ ಬಳಿಯಿರಿ. ಈಗಿನ ತಿಳಿಹಸಿರು ಗೋಡೆಗೆ ನೇರವಾಗಿ ಬಳಿದು ನೋಡುವುದು ಬೇಡ. ಸುತ್ತಲಿನ ಹಸಿರು ಕಣ್ಣನ್ನು ಮೋಸಗೊಳಿಸಿ, ಯಾವ ಬೂದನ್ನಾದರೂ ಕೆಂಪಗೆ ತೋರಿಸುತ್ತದೆ. ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುವುದರಿಂದ ಒಂದು ದಿನ ಬಿಟ್ಟು, ಒಂದೊಂದು ಹಾಳೆಯನ್ನೂ ನೆಲದ ಬಳಿ ಮತ್ತು ಕಣ್ಣಿನೆತ್ತರದಲ್ಲಿ ಹಿಡಿದು, ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ನೋಡಿ. ರಾತ್ರಿಯ ಪರೀಕ್ಷೆ ಬಹಳ ಮುಖ್ಯ: 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ, ಕಡಿಮೆಯಾದಷ್ಟೂ ಹಳದಿಯತ್ತ) ಬಿಳಿ ಎಲ್‌ಇಡಿಯ ಕೆಳಗೆ ಹಸಿರು ಛಾಯೆಯ ಬೂದು ತಣ್ಣಗೆ, ಕೆಲವೊಮ್ಮೆ ಕಳೆಗುಂದಿದಂತೆ ಕಾಣುತ್ತದೆ. ಹಾಗಾದರೆ ಗೋಡೆಯ ಬಣ್ಣ ಬದಲಿಸುವ ಮೊದಲು 3000 ಕೆಲ್ವಿನ್‌ನ ಬಲ್ಬ್ ಹಾಕಿ ನೋಡಿ. ಅದು ಅಗ್ಗದ ಪರಿಹಾರ.

ಎರಡು ಮಾದರಿಗಳ ಹೊಳಪೂ ಒಂದೇ ಇರಲಿ, ಏಕೆಂದರೆ ಒಂದೇ ಸಂಖ್ಯೆಯ ಬಣ್ಣ ಹೊಳಪಿಲ್ಲದ ಮ್ಯಾಟ್‌ನಲ್ಲೊಂದು, ತುಸು ಹೊಳೆಯುವ ಸ್ಯಾಟಿನ್‌ನಲ್ಲೊಂದು ರೀತಿ ತೋರುತ್ತದೆ. ಹಜಾರಕ್ಕೆ ಬೇಕಾದಷ್ಟನ್ನು ಒಮ್ಮೆಗೇ ಮಿಶ್ರಣ ಮಾಡಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ಡಬ್ಬಗಳಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಒಟ್ಟುಗೂಡಿಸಿ ಕಲಸಿದ ಮೇಲೆಯೇ ಬಳಿಯಲು ಪೇಂಟರ್‌ಗೆ ಹೇಳಿ.