31 ಅಪಘಾತ ಅಂದರೆ ಯಾವ 31?

ಪ್ರಶ್ನೆ: ಸರ್, 2014–15ರಲ್ಲಿ 135 ಇದ್ದ ರೈಲು ಅಪಘಾತ 2024–25ಕ್ಕೆ 31ಕ್ಕೆ ಇಳಿದಿದೆ ಅಂತ ಸರ್ಕಾರ ಹೇಳುತ್ತಿದೆ. ನಾನು ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುವವನು. ಅಲ್ಲಿ ಹಳಿ ತಪ್ಪಿತು, ಇಲ್ಲಿ ಡಿಕ್ಕಿಯಾಯಿತು ಅಂತ ಸುದ್ದಿ ಬರುತ್ತಲೇ ಇರುತ್ತದೆ. ಈ ಲೆಕ್ಕ ನಂಬಬಹುದಾ?
– ಒಬ್ಬ ಓದುಗರು, ಬೀರೂರು

ಉತ್ತರ: ನಂಬಬಹುದು. ಆದರೆ ಅದು ಯಾವುದರ ಲೆಕ್ಕ ಅನ್ನೋದನ್ನು ಮೊದಲು ತಿಳಿದುಕೊಳ್ಳಬೇಕು. ನಡೆದ ಎಲ್ಲ ಅಪಘಾತವೂ ಈ ಪಟ್ಟಿಗೆ ಬರುವುದಿಲ್ಲ. ಡಿಕ್ಕಿ ಇರಲಿ, ಬೆಂಕಿ ಇರಲಿ, ಹಳಿ ತಪ್ಪಿದ್ದಿರಲಿ, ಅದರಲ್ಲಿ ಜೀವ ಹೋಗಿರಬೇಕು, ಇಲ್ಲವೇ ಜನರಿಗೆ ಪೆಟ್ಟಾಗಿರಬೇಕು, ಇಲ್ಲವೇ ರೈಲ್ವೆ ಆಸ್ತಿಗೆ ದೊಡ್ಡ ನಷ್ಟವಾಗಿರಬೇಕು, ಅದೂ ಇಲ್ಲದಿದ್ದರೆ ಆ ಮಾರ್ಗದಲ್ಲಿ ಗಾಡಿಗಳು ಬಹಳ ಹೊತ್ತು ನಿಂತಿರಬೇಕು. ಯಾರ್ಡಿನಲ್ಲಿ ಗೂಡ್ಸ್ ವ್ಯಾಗನ್ನಿನ ಎರಡು ಗಾಲಿ ಕೆಳಗಿಳಿದು, ಸ್ವಲ್ಪ ಹೊತ್ತಿನಲ್ಲೇ ಎತ್ತಿ ಹಳಿಗೆ ಕೂರಿಸಿದರೆ ಅದು 31ರೊಳಗೆ ಸೇರುವುದಿಲ್ಲ.

ಸಂಖ್ಯೆ ಇಳಿದಿರುವುದಂತೂ ನಿಜ. 2000–01ರಲ್ಲಿ ಇದೇ ಪಟ್ಟಿಯಲ್ಲಿ 473 ಇತ್ತು. ಗಾಡಿಗಳ ಓಡಾಟ ಜಾಸ್ತಿಯಾಗಿರುವುದರಿಂದ ಹತ್ತು ಲಕ್ಷ ಕಿಲೋಮೀಟರ್ ಓಟಕ್ಕೆ ಎಷ್ಟು ಅಂತ ನೋಡುವುದು ಸರಿಯಾದ ಲೆಕ್ಕ. ಅದು 2014–15ರಲ್ಲಿ 0.11 ಇತ್ತು, 2023–24ಕ್ಕೆ 0.03. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲುಗಾರನಿಲ್ಲದ ಲೆವೆಲ್ ಕ್ರಾಸಿಂಗ್‌ಗಳು 2019ರ ಜನವರಿ ಹೊತ್ತಿಗೆ ಇಲ್ಲವಾದವು. ಆ ಒಂದು ಕೆಲಸದಿಂದ ಉಳಿದ ಜೀವಗಳು ಎಷ್ಟೋ. ಹಳ್ಳಿ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿ, ಹೇಳುತ್ತಾರೆ.

ನನಗೆ ಸಮಾಧಾನ ಇಲ್ಲದಿರುವುದು ಬೇರೆ ವಿಷಯಕ್ಕೆ. 2022–23ರ ಲೆಕ್ಕ 48. 2023–24ರದ್ದು 40. ಪಟ್ಟಿ ನೋಡಿದರೆ ಎರಡನೆಯದು ಒಳ್ಳೆಯ ವರ್ಷ, ಅಲ್ವಾ? ಆದರೆ ಒಡಿಶಾದ ಬಹನಾಗ ಬಜಾರ್ ದುರಂತ ನಡೆದಿದ್ದು 2023ರ ಜೂನ್ 2ರಂದು, ಅಂದರೆ ಅದೇ ವರ್ಷದಲ್ಲಿ. 290ಕ್ಕೂ ಹೆಚ್ಚು ಜನ ಸತ್ತ ಆ ದುರಂತವೂ ಪಟ್ಟಿಯಲ್ಲಿ ಒಂದೇ ಒಂದು.

ಈಗ ನಿಮ್ಮೂರಿನ ಪಕ್ಕದ್ದೇ ಒಂದು ಸಂಗತಿ ಹೇಳುತ್ತೇನೆ. ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವಾಗ ಹೊಸದುರ್ಗ ರೋಡ್ ನಿಲ್ದಾಣ ಸಿಗುತ್ತದಲ್ಲ, 2023ರ ಫೆಬ್ರುವರಿ 8ರಂದು ಅಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಮುಂದೆ ಹೋಗಲು ಸಿಗ್ನಲ್ ಕೊಟ್ಟಿದ್ದರು. ಸ್ಟೇಷನ್ ಮಾಸ್ಟರ್ ಮುಂದಿನ ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಗಾಡಿ ಹಳಿ ಬದಲಿಸುವ ಪಾಯಿಂಟ್ ಮಾತ್ರ ಬೇರೆ ಹಳಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಕಣ್ಣಾರೆ ಕಂಡು, ಪಾಯಿಂಟ್ ಮುಟ್ಟುವ ಮೊದಲೇ ಗಾಡಿ ನಿಲ್ಲಿಸಿದರು. ಗೂಡ್ಸ್ ಗಾಡಿಗೆ ಡಿಕ್ಕಿಯಾಗುವ ಅಪಾಯ ತಪ್ಪಿತು. ಮರುದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದು, ಇದು ವ್ಯವಸ್ಥೆಯಲ್ಲಿರುವ ಗಂಭೀರ ದೋಷ, ಕೂಡಲೇ ಸರಿಪಡಿಸಬೇಕು ಅಂತ ಎಚ್ಚರಿಸಿದರು.

ಯಾರಿಗೂ ಪೆಟ್ಟಾಗಲಿಲ್ಲ. ಹಾಗಾಗಿ 48ರ ಪಟ್ಟಿಯಲ್ಲಿ ಹೊಸದುರ್ಗ ರೋಡ್ ಇಲ್ಲ.

ನಾಲ್ಕು ತಿಂಗಳೂ ಆಗಿರಲಿಲ್ಲ, ಬಹನಾಗದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಗ್ನಲ್ ಬಿತ್ತು. ಪಾಯಿಂಟ್ ತಿರುಗಿದ್ದು ಲೂಪ್ ಲೈನಿಗೆ, ಅಂದರೆ ಗಾಡಿ ನಿಲ್ಲಿಸಿಕೊಳ್ಳುವ ಪಕ್ಕದ ಹಳಿಗೆ. ಅಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಎಗರಿ ಬಿದ್ದ ಬೋಗಿಗಳು ಪಕ್ಕದ ಹಳಿಯಲ್ಲಿ ಹೋಗುತ್ತಿದ್ದ ಇನ್ನೊಂದು ಗಾಡಿಯ ಕೊನೆಯ ಬೋಗಿಗಳಿಗೆ ಬಡಿದವು. ಅದು ನಮ್ಮ ಬೆಂಗಳೂರಿನಿಂದ ಹೊರಟಿದ್ದ ಹೌರಾ ಎಕ್ಸ್‌ಪ್ರೆಸ್. 94ನೇ ಲೆವೆಲ್ ಕ್ರಾಸಿಂಗ್ ಗೇಟಿನ ಅಡ್ಡಕಂಬ ಬದಲಿಸುವ ಕೆಲಸದಲ್ಲಿ ವೈರಿಂಗ್ ತಪ್ಪಾಗಿತ್ತು, ಅದಕ್ಕೂ ಮೊದಲು 2018ರಲ್ಲಿ ಮಾಡಿದ್ದ ಬದಲಾವಣೆಯೂ ವೈರಿಂಗ್ ನಕ್ಷೆಗೆ ಏರಿರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಬಹನಾಗ ಸೇರಿರುವ ಖರಗ್‌ಪುರ ವಿಭಾಗದಲ್ಲೇ 2022ರ ಮೇ ತಿಂಗಳಲ್ಲೂ ತಪ್ಪು ವೈರಿಂಗ್‌ನಿಂದ ಇಂಥದ್ದೇ ಆಗಿತ್ತು. ಆಗಲೇ ಸರಿಪಡಿಸಿದ್ದರೆ ಬಹನಾಗ ನಡೆಯುತ್ತಿರಲಿಲ್ಲ ಅಂತ ತನಿಖಾ ವರದಿಯೇ ಹೇಳಿದೆ. ಆ ಸಾಲು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ.

ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿ, ಕೆಂಪು ಸಿಗ್ನಲ್ ದಾಟಿದ್ದು, ಸಿಗ್ನಲ್ ಕೆಟ್ಟಿದ್ದು ಎಲ್ಲವನ್ನೂ ರೈಲ್ವೆ ಒಳಗೊಳಗೆ ದಾಖಲು ಮಾಡಿಕೊಳ್ಳುತ್ತದೆ. ಅದಕ್ಕೆ ಬೇರೆ ಬೇರೆ ವರ್ಗಗಳೇ ಇವೆ. ಆದರೆ ನಮ್ಮ ಕಿವಿಗೆ ಹೆಚ್ಚಾಗಿ ಬೀಳುವುದು 31 ಮಾತ್ರ. ಮೈಸೂರು ವಿಭಾಗದಲ್ಲಿ ಈ ತಿಂಗಳು ಇಂಥವು ಎಷ್ಟಾದವು, ಎಷ್ಟನ್ನು ಸರಿಪಡಿಸಿದರು ಅಂತ ತಿಂಗಳಿಗೊಮ್ಮೆ ಪ್ರಕಟಿಸಬೇಕು ಅನ್ನುವುದು ನನ್ನ ಒತ್ತಾಯ. ನಿಮ್ಮ ಸಂಸದರು ಸಿಕ್ಕಾಗ ನೀವೂ ಕೇಳಿ.

ಪ್ರಶ್ನೆ: ರೈಲ್ವೆಯವರ ತಪ್ಪನ್ನು ರೈಲ್ವೆಯವರೇ ವಿಚಾರಿಸಿದರೆ ಸತ್ಯ ಹೊರಗೆ ಬರುತ್ತಾ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ದೊಡ್ಡ ಅಪಘಾತಗಳನ್ನು ವಿಚಾರಿಸುವವರು ರೈಲ್ವೆ ಸುರಕ್ಷತಾ ಆಯುಕ್ತರು. ಇವರು ರೈಲ್ವೆ ಸಚಿವಾಲಯದ ಕೈಕೆಳಗೆ ಇಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು. ಕೇಳಿದರೆ ವಿಚಿತ್ರ ಅನ್ನಿಸುತ್ತದೆ, ಆದರೆ ತಪ್ಪು ಹುಡುಕುವವರು ರೈಲ್ವೆ ಮಂಡಳಿಯ ಅಧೀನದಲ್ಲಿ ಇರಬಾರದು ಅಂತ 1941ರಲ್ಲೇ ಬೇರೆ ಮಾಡಿದ್ದು. ಮುಖ್ಯ ಕಚೇರಿ ಲಖನೌದಲ್ಲಿ, ದಕ್ಷಿಣ ವೃತ್ತದ್ದು ಬೆಂಗಳೂರಿನಲ್ಲಿ. ಅಪಘಾತ ಆದಾಗ ವಿಷಯ ಗೊತ್ತಿರುವ ಸಾರ್ವಜನಿಕರೂ ಬಂದು ಹೇಳಬಹುದು ಅಂತ ಪ್ರಕಟಣೆ ಕೊಡುತ್ತಾರೆ. ಕಂಡವರು ದಯವಿಟ್ಟು ಹೋಗಿ ಹೇಳಿ.

ಕೊರತೆ ಇದೆ. ಆಯುಕ್ತರು ಶಿಫಾರಸು ಮಾಡಬಹುದು, ಜಾರಿ ಮಾಡಬೇಕಾದದ್ದು ರೈಲ್ವೆ. ಸ್ವಂತ ಅಧಿಕಾರವಿರುವ ಸುರಕ್ಷತಾ ಪ್ರಾಧಿಕಾರ ಬೇಕು ಅಂತ ಅಣು ವಿಜ್ಞಾನಿ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು. ಸಣ್ಣ ಅಪಘಾತಗಳನ್ನು ಇಲಾಖೆಯವರೇ ವಿಚಾರಿಸುತ್ತಾರೆ. 2017ರಿಂದ 2021ರವರೆಗೆ ಹಳಿ ತಪ್ಪಿದ 1,129 ಪ್ರಕರಣಗಳ ವಿಚಾರಣಾ ವರದಿಗಳನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ತೆಗೆದು ನೋಡಿತು. ನೂರಕ್ಕೆ 63 ವರದಿ ಹೇಳಿದ ಗಡುವಿನೊಳಗೆ ಬಂದಿರಲಿಲ್ಲ. 171 ಪ್ರಕರಣಗಳಲ್ಲಿ ಕಾರಣ ಹಳಿಯ ನಿರ್ವಹಣೆ.

ಹಳಿಯ ನಿರ್ವಹಣೆ ಅಂದಾಗ ನನ್ನ ಕಣ್ಣ ಮುಂದೆ ಬರುವುದು ದಿನಾ ಹಳಿ ನೋಡಿಕೊಂಡು ನಡೆಯುವ ಕೀಮ್ಯಾನ್. ನಾನು ಚಿಕ್ಕವನಿದ್ದಾಗ ನಮ್ಮ ಹಿತ್ತಿಲ ಬೇಲಿಯಾಚೆ ಹಳಿ ಇತ್ತು. ಬೆಳಕು ಹರಿಯುವ ಹೊತ್ತಿಗೆ ಟಣ್ ಟಣ್ ಅಂತ ಸದ್ದು. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್, ಬಗಲಲ್ಲಿ ಸುತ್ತಿಟ್ಟ ಕೆಂಪು ಬಾವುಟ, ಚೀಲದಲ್ಲಿ ಗಾಡಿ ನಿಲ್ಲಿಸಲು ಹಳಿಗೆ ಕಟ್ಟುವ ಪಟಾಕಿ. ಹೋಗುವಾಗ ಒಂದು ಹಳಿ ನೋಡಿಕೊಂಡು ಹೋಗಿ, ಬರುವಾಗ ಇನ್ನೊಂದು ನೋಡಿಕೊಂಡು ಬರುತ್ತಿದ್ದರು. ಹಳಿಯನ್ನು ಬಿಗಿದಿಡುವ ಕೀ ಸಡಿಲವಾಗಿದ್ದರೆ ಅಲ್ಲೇ ಕೂತು ಬಡಿದು ಮುಂದಕ್ಕೆ. ಚಳಿಗಾಲದಲ್ಲಿ ಹಳಿ ಕುಗ್ಗಿ ಬಿರಿಯುತ್ತದೆ ಅಂತ ರಾತ್ರಿಯೂ ಗಸ್ತು ಇರುತ್ತಿತ್ತು. ಅಂಥ ಹುದ್ದೆಗಳು ಖಾಲಿ ಬಿದ್ದರೆ ಯಾವ ಯಂತ್ರವೂ ಆ ಜಾಗ ತುಂಬುವುದಿಲ್ಲ.

ಪ್ರಶ್ನೆ: ಸರ್, ನಾಲ್ಕು ತಿಂಗಳ ಹಿಂದೆ ನನ್ನ ತಮ್ಮ ಜನರಲ್ ಬೋಗಿಯ ಬಾಗಿಲಲ್ಲಿ ನಿಂತಿದ್ದವನು ಬಿದ್ದು ತೀರಿಕೊಂಡ. ಇನ್ನೂ ಮದುವೆಯಾಗಿರಲಿಲ್ಲ. ಅವನ ಜೇಬಿನಲ್ಲಿ ಟಿಕೆಟ್ ಸಿಗಲಿಲ್ಲ. ಅವನ ಸಾವು ಯಾವ ಲೆಕ್ಕಕ್ಕೆ? ಪರಿಹಾರ ಸಿಗುತ್ತಾ?
– ಒಬ್ಬ ಅಕ್ಕ, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ದುಃಖಕ್ಕೆ ಏನು ಹೇಳಲಿ ತಾಯಿ. ನಿಮ್ಮ ತಮ್ಮ ಆ ರೈಲು ಅಪಘಾತಗಳ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2021ರಲ್ಲಿ ರೈಲಿನಿಂದಾಗಿ ಸತ್ತವರು 16,431. ಗಾಡಿಯಿಂದ ಬಿದ್ದ, ಹಳಿ ಮೇಲೆ ಗಾಡಿಗೆ ಸಿಕ್ಕ ಪ್ರಕರಣಗಳೇ ಅದರಲ್ಲಿ ಹೆಚ್ಚು. ಜನರಲ್ ಬೋಗಿಯಲ್ಲಿ ಕಾಲಿಡಲು ಜಾಗ ಇಲ್ಲದೆ ಬಾಗಿಲಲ್ಲಿ ಜೋತು ಬಿದ್ದವರು ಸುರಕ್ಷತೆಯ ಲೆಕ್ಕದಿಂದ ಹೊರಗುಳಿಯುವುದು ನನಗೆ ಒಪ್ಪಿಗೆಯಿಲ್ಲ.

ಪರಿಹಾರ ಕೇಳುವ ಹಕ್ಕು ಇದೆ. 1989ರ ರೈಲ್ವೆ ಕಾಯ್ದೆಯ 124ಎ ಕಲಂ ಪ್ರಕಾರ ಪ್ರಯಾಣಿಕ ಆಕಸ್ಮಿಕವಾಗಿ ಗಾಡಿಯಿಂದ ಬಿದ್ದು ಸತ್ತರೆ, ತಪ್ಪು ರೈಲ್ವೆಯದ್ದು ಅಂತ ಸಾಬೀತು ಮಾಡಬೇಕಾಗಿಲ್ಲ. ಸಾವಿಗೆ ಪರಿಹಾರ 8 ಲಕ್ಷ ರೂಪಾಯಿ. ಆತ್ಮಹತ್ಯೆ, ಕುಡಿದ ಅಮಲು, ಸ್ವಂತ ಅಪರಾಧ ಕೃತ್ಯದಂಥ ಕಾರಣಗಳಿದ್ದರೆ ಮಾತ್ರ ಇಲ್ಲ. ಟಿಕೆಟ್ ಸಿಗಲಿಲ್ಲ ಅಂತ ಕೈಬಿಡಬೇಡಿ. ಟಿಕೆಟ್ ಇಲ್ಲ ಅನ್ನುವುದೊಂದೇ ಪರಿಹಾರ ನಿರಾಕರಿಸಲು ಸಾಕಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅವನು ಎಲ್ಲಿಂದ ಎಲ್ಲಿಗೆ, ಯಾಕೆ ಹೊರಟಿದ್ದ ಅಂತ ಪ್ರಮಾಣಪತ್ರ (ಅಫಿಡವಿಟ್) ಕೊಡಿ.

ಅರ್ಜಿ ಹೋಗಬೇಕಾದದ್ದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ. ಅವನಿಗೆ ಮದುವೆಯಾಗಿರಲಿಲ್ಲ ಅಂದಿದ್ದೀರಿ, ಆದ್ದರಿಂದ ನಿಮ್ಮ ತಂದೆ ತಾಯಿಯ ಹೆಸರಿನಲ್ಲಿ ಹಾಕಿಸಿ. ಗಡುವು ಒಂದು ವರ್ಷ, ನಿಮಗೆ ಇನ್ನೂ ಎಂಟು ತಿಂಗಳಿದೆ. ಮೊದಲು ರೈಲ್ವೆ ಪೊಲೀಸ್ ಠಾಣೆಗೆ ಹೋಗಿ ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ಕೇಳಿ. ಸ್ಟೇಷನ್ ಮಾಸ್ಟರ್ ಕೊಟ್ಟ ಮೆಮೋ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಕಾಗದ ಓದಿಸಲು ಯಾರೂ ಇಲ್ಲ ಅಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ವಕೀಲರ ಸಲಹೆ ಸಿಗುತ್ತದೆ. ಈ ವಾರವೇ ಹೋಗಿ ಬನ್ನಿ.