ಟೆಗು ಗುರುತಿಸೋಕೆ ಬಣ್ಣ ನೋಡಬೇಡಿ, ಕೆನ್ನೆ ನೋಡಿ

ಸರ್, ನೀವು ಕೇಳಿದ್ದು ದಕ್ಷಿಣ ಅಮೆರಿಕದ ದೊಡ್ಡ ಹಲ್ಲಿ ಟೆಗುವಿನ ವೈಜ್ಞಾನಿಕ ಹೆಸರು ಹಳೇ ಪುಸ್ತಕದ 'ಟುಪಿನಾಂಬಿಸ್ ಟೆಗುಯಿಕ್ಸಿನ್' ಸರಿಯೋ, ಈಗ ಎಲ್ಲರೂ ಬರೆಯುವ 'ಸಾಲ್ವೇಟರ್ ಮೆರಿಯಾನೆ' ಸರಿಯೋ ಅಂತ. ನೀವು ಹಾಕಿರೋದು ಅರ್ಜೆಂಟೀನಾದ ಕಪ್ಪು-ಬಿಳಿ ಟೆಗು ಚಿತ್ರ, ಅದಕ್ಕೆ ಎರಡನೇ ಹೆಸರೇ ಸರಿ. ಹಾಗಂತ ಮೊದಲನೇ ಹೆಸರು ರದ್ದಾಗಿಲ್ಲ. ಅದು ಬೇರೆ ಪ್ರಾಣಿಯದು.

ಸ್ವೀಡನ್‌ನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಟೆಗುಯಿಕ್ಸಿನ್ ಅಂತ ಹೆಸರಿಟ್ಟಿದ್ದು ಉತ್ತರದ, ಹೊಂಬಣ್ಣದ ಟೆಗುವಿಗೆ. ಆದರೆ ಬಹಳ ಕಾಲ ದಕ್ಷಿಣದ ಕಪ್ಪು-ಬಿಳಿಯದನ್ನು ಆ ಹೆಸರಿನಿಂದ ಕರೆದು, ಉತ್ತರದ್ದನ್ನು ನೈಗ್ರೊಪಂಕ್ಟಾಟಸ್ ಅಂತಿದ್ದರು. ಬ್ರೆಜಿಲ್‌ನ ಸರೀಸೃಪ ತಜ್ಞೆ ಅವಿಲಾ-ಪಿರೆಸ್ 1995ರಲ್ಲಿ ಈ ಅದಲುಬದಲನ್ನು ಸರಿಮಾಡಿದರು. ಹಾಗಾಗಿ ಅದಕ್ಕಿಂತ ಹಳೇ ಬರಹ ಓದುವಾಗ ಹೆಸರು ನಂಬಬೇಡಿ, ಪ್ರಾಣಿ ಸಿಕ್ಕ ಊರು ನೋಡಿ. ಅರ್ಜೆಂಟೀನಾದ 'ಟೆಗುಯಿಕ್ಸಿನ್' ಅಂತಿದ್ದರೆ ಅದು ಬಹುತೇಕ ಇವತ್ತಿನ ಮೆರಿಯಾನೆಯೇ.

ಕುಲ, ಅಂದರೆ ಹೆಸರಿನ ಮೊದಲ ಪದ, ಬೇರೆಯಾದದ್ದು ಆಮೇಲೆ. 1999ರ ಡಿಎನ್‌ಎ ಅಧ್ಯಯನದಲ್ಲೇ ಅಮೆಜಾನ್ ಕಡೆಯವು ಒಂದು ಗುಂಪು, ದಕ್ಷಿಣದವು ಇನ್ನೊಂದು ಅಂತ ಕಂಡಿತ್ತು. 2012ರಲ್ಲಿ ಹಾರ್ವಿ ಮತ್ತು ಜೊತೆಗಾರರು ಮೆರಿಯಾನೆ, ರೂಫೆಸೆನ್ಸ್ (ಕೆಂಪು ಟೆಗು), ಡುಸೆನಿ ಅನ್ನೋ ದಕ್ಷಿಣದ ಮೂರು ಪ್ರಭೇದಗಳನ್ನೂ ಸಾಲ್ವೇಟರ್ ಕುಲಕ್ಕೆ ಸೇರಿಸಿದರು.

ಇನ್ನು ಕಣ್ಣಲ್ಲೇ ಗುರುತಿಸೋದು. ತಲೆಯನ್ನು ಪಕ್ಕದಿಂದ ನೋಡಿ. ಮೂಗಿನ ಹೊಳ್ಳೆ ಇರುವ ಭಾಗದ ಹಿಂದೆ, ಕಣ್ಣಿನ ಕಡೆಗೆ ಹೋಗುವಾಗ ಕೆನ್ನೆ ಮೇಲೆ ದೊಡ್ಡ ಹುರುಪೆ ಸಿಗುತ್ತೆ. ಅದು ಒಂದೇ ಇದ್ದರೆ ಟುಪಿನಾಂಬಿಸ್, ಒಂದರ ಹಿಂದೆ ಒಂದು ಎರಡಿದ್ದರೆ ಸಾಲ್ವೇಟರ್. ಕಣ್ಣಿಗೇ ತಾಗಿಕೊಂಡಿರುವ ಹುರುಪೆಗಳನ್ನು ಲೆಕ್ಕಕ್ಕೆ ತಗೋಬೇಡಿ, ಎಡವೋದು ಅಲ್ಲೇ. ಎರಡೂ ಕೆನ್ನೆ ನೋಡೋದು ಇನ್ನೂ ಒಳ್ಳೇದು.

ಬಣ್ಣ ಮಾತ್ರ ಕೈಕೊಡುತ್ತೆ. ಮೆರಿಯಾನೆ ಮರಿಗೆ ತಲೆ-ಕುತ್ತಿಗೆ ಎಳೆ ಬಾಳೆಎಲೆ ಹಾಗೆ ಹಸಿರು, ಕೆಲವು ತಿಂಗಳಲ್ಲಿ ಮಾಸಿ ಹೋಗುತ್ತೆ. ಮಾರುವವರು 'ಬ್ಲೂ ಟೆಗು' ಅಂತ ಬೇರೆ ಬೆಲೆ ಹೇಳೋದು ಮೆರಿಯಾನೆಯ ಬಣ್ಣಭೇದ ಅಷ್ಟೇ. 'ರೆಡ್' ಅಂತ ಬರೋದರಲ್ಲಿ ರೂಫೆಸೆನ್ಸ್ ಜೊತೆ ಮೆರಿಯಾನೆ ಬೆರಕೆಯೂ ಇರುತ್ತೆ. ಸಾಕುವ ಕಡೆ ಬೆರೆತ ಪ್ರಾಣಿಗೆ ಪ್ರಭೇದದ ಹೆಸರು ಅಂಟಿಸೋದರಲ್ಲಿ ಅರ್ಥವಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹೊಂಬಣ್ಣದವು ಇನ್ನೂ ತಲೆನೋವು. ಒಂದೇ ಪ್ರಭೇದ ಅಂದುಕೊಂಡಿದ್ದ ಟೆಗುಯಿಕ್ಸಿನ್‌ನಿಂದ 2016ರಲ್ಲಿ ಕ್ರಿಪ್ಟಸ್, ಕುಸ್ಕೊಯೆನ್ಸಿಸ್, ಜೂಲಿಯೆನ್ಸಿಸ್ ಅಂತ ಮೂರು ಹೊಸದು ಹೊರಬಂದವು. ಈ ಗುಂಪಿನ ಎರಡು ಪ್ರಭೇದ ಒಂದೇ ಪ್ರದೇಶದಲ್ಲಿ ಜೊತೆಜೊತೆಗೇ ಬದುಕುತ್ತವೆ, ಅಲ್ಲಿ ಊರಿನ ಹೆಸರೂ ಕೆಲಸಕ್ಕೆ ಬರೋಲ್ಲ. ಅಂಥದ್ದರ ಫೋಟೊ ಹಾಕಿ 'ಯಾವುದು' ಅಂದರೆ 'ಟೆಗುಯಿಕ್ಸಿನ್ ಗುಂಪು' ಅಂತಷ್ಟೇ ಹೇಳ್ತೀನಿ.

ಕಾಮೆಂಟಲ್ಲಿ ಯಾರೋ ಇದನ್ನು ಉಡದ ಜಾತಿ ಅಂದಿದ್ದಾರೆ. ಅಲ್ಲ, ನಮ್ಮ ಉಡ ವರಾನಿಡೇ ಕುಟುಂಬದ್ದು, ಟೆಗು ಟೀಯಿಡೇ ಕುಟುಂಬದ್ದು. ಮತ್ತೆ, ಎರಡೂ ಟೆಗು ಕುಲಗಳು ಸೈಟಿಸ್ (ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿವೆ. ಹೆಸರು ಬದಲಾಯ್ತು ಅಂತ ಸಾಕುವವರು ನೋಂದಣಿ ತಪ್ಪಿಸಿಕೊಳ್ಳೋಕೆ ಆಗಲ್ಲ.

ನಿಮ್ಮ ಹತ್ತಿರ ಇನ್ನೊಂದು ಚಿತ್ರ ಇದೆ ಅಂದಿರಲ್ಲ, ಅದರಲ್ಲಿ ಕೆನ್ನೆ ಸ್ಪಷ್ಟವಾಗಿದ್ದರೆ ಕ್ರಾಪ್ ಮಾಡದೆ ಹಾಕಿ.